ಬಾರದ ನಾಲ್ಕನೇ ಮಹಡಿ

ಪುಣೆಯ ಯೆರವಡಾದ ಆ ಗಲ್ಲಿಯಲ್ಲಿ ಅಂಬಾದಾಸನನ್ನು ಎಲ್ಲರೂ ಇಂಜಿನಿಯರ್ ಸಾಹೇಬರು ಎಂದು ಕರೆಯುತ್ತಿದ್ದರು. ಹಾಗೆ ಕರೆಯಿರಿ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಕರೆಯಬೇಡಿ ಎಂದೂ ಹೇಳಿರಲಿಲ್ಲ. ಮುಂದೆ ಅವನಿಗೆ ಒದಗಿದ ಮಾನಭಂಗವೆಲ್ಲ ಹೇಳದೆ ಉಳಿದ ಈ ಎರಡನೆಯ ಮಾತಿನಿಂದಲೇ ಹುಟ್ಟಿತು.

ವಾಕಡದಲ್ಲಿ ಔಷಧದ ಅಂಗಡಿಯೊಂದರ ಮೇಲೆ ಕೇದಾರ ಸಾಹೇಬರ ಆಫೀಸು. ಕಟ್ಟಡದ ಕಂಬ, ತೊಲೆ, ಸ್ಲ್ಯಾಬುಗಳು ಎಷ್ಟು ಭಾರ ತಡೆಯಬೇಕು, ಅದಕ್ಕೆ ಎಷ್ಟು ಕಬ್ಬಿಣ ಹಾಕಬೇಕು ಎಂದು ಲೆಕ್ಕ ಮಾಡಿ ಕೊಡುವುದು ಅವರ ಕಸುಬು. ಆರ್ಕಿಟೆಕ್ಟರು ತಮ್ಮ ಸಾಫ್ಟ್‌ವೇರಿನಲ್ಲಿ ಇಡೀ ಕಟ್ಟಡದ ಮಾಡೆಲ್ ಮಾಡಿ ಕಳಿಸುತ್ತಾರೆ. ಲೆಕ್ಕ ಹಾಕುವ ಸಾಫ್ಟ್‌ವೇರು ಬೇರೆ. ಮೊದಲಿನದರಿಂದ ಎರಡನೆಯದಕ್ಕೆ ಆ ಮಾಡೆಲನ್ನು ವರ್ಗಾಯಿಸುವವನು ಅಂಬಾದಾಸ. ಲೆಕ್ಕ ಹಾಕುವುದು ಕೇದಾರ ಸಾಹೇಬರ ಕೆಲಸ. ಅದಕ್ಕೆ ಅಂಬಾದಾಸ ಕೈ ಹಚ್ಚುವಂತಿರಲಿಲ್ಲ. ಆದರೆ ಇಷ್ಟೆಲ್ಲವನ್ನು ಗಲ್ಲಿಯ ಮಂದಿಗೆ ಯಾರು ವಿವರಿಸುತ್ತಾರೆ? "ನಾ ಬಿಲ್ಡಿಂಗ್ ಡಿಸೈನ್ ಮಾಡ್ತೀನ್ರಿ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ.

ವಾಕಡದ ಅಂಚಿನಲ್ಲಿ ಗಗನತಾರಾ ಎಂಬ ಎಂಟು ಮಹಡಿಯ ಕಟ್ಟಡದ ಕೆಲಸ ಆಫೀಸಿಗೆ ಬಂದಾಗ ಅಂಬಾದಾಸ ಆ ಸುದ್ದಿಯನ್ನು ಮನೆಯಲ್ಲಿ ಹೇಳಿದ. ಹೆಂಡತಿ ರಂಜನಾ ತನ್ನ ತಂದೆಗೆ ಹೇಳಿದಳು. ತಂದೆ ಧರ್ಮಣ್ಣ ಪುಣೆಯ ಹತ್ತಿರದ ಶಿರೂರಿನಲ್ಲಿ ಕಾಳುಕಡಿಯ ವ್ಯಾಪಾರಿ. ಕಲಬುರ್ಗಿಯ ಕಡೆಯಿಂದ ಬಂದು ಅಲ್ಲೇ ನೆಲೆಯೂರಿದವನು. ಅಳಿಯನೇ ಕಟ್ಟುವ ಕಟ್ಟಡ ಎಂಬ ಒಂದೇ ನಂಬಿಕೆಯ ಮೇಲೆ ಅವನು ನಾಲ್ಕನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದ. ಅದನ್ನು ಕೇಳಿ ಗಲ್ಲಿಯ ಫಕೀರಪ್ಪನೂ ಅದರ ಮೇಲಿನ ಐದನೇ ಮಹಡಿಯಲ್ಲಿ ಬುಕ್ ಮಾಡಿದ. ಫಕೀರಪ್ಪ ನಿವೃತ್ತ ಗುಮಾಸ್ತ, ಅಲ್ಲಿಯ ಕನ್ನಡ ಬಳಗದ ಅಧ್ಯಕ್ಷ. ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ವೇದಿಕೆ ಇದೆ ಎಂದು ತಿಳಿಯುವ ಸ್ವಭಾವದವನು.

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಊಟಕ್ಕೆ ಕುಳಿತ ಮಾವ "ಅಳಿಯಂದ್ರ, ನಮ್ಮ ಮಜಲಾ ಗಟ್ಟಿ ಇರ್ತದಲ್ಲ?" ಎಂದು ಕೇಳಿದಾಗ, ಅಂಬಾದಾಸ ಜೋಳದ ರೊಟ್ಟಿ ಮುರಿಯುತ್ತ, ದನಿ ತಗ್ಗಿಸಿ, "ಮಾವಾರ, ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಮಜಲಾದಾಗ ಎರಡು ಸಳಿ ಜಾಸ್ತಿ ಹಾಕೇನಿ" ಎಂದುಬಿಟ್ಟ.

ಧರ್ಮಣ್ಣ ಮಗಳ ಕಡೆ ನೋಡಿದ. ಮಗಳು ಗಂಡನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಅಂಬಾದಾಸ ತನ್ನ ಜೀವಮಾನದಲ್ಲಿ ಯಾವ ಕಟ್ಟಡಕ್ಕೂ ಒಂದು ಸರಳನ್ನೂ ಹಾಕಿದವನಲ್ಲ, ತೆಗೆದವನೂ ಅಲ್ಲ. ಆದರೆ ತುಪ್ಪ ಚೆನ್ನಾಗಿತ್ತು.

ಮಾಡೆಲ್ ವರ್ಗಾಯಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಆರ್ಕಿಟೆಕ್ಟರಿಗೆ ಮಹಡಿಯ ನೆಲವೆಂದರೆ ನಾವು ಕಾಲಿಡುವ ಟೈಲ್ಸು. ಲೆಕ್ಕದವರಿಗೆ ನೆಲವೆಂದರೆ ಟೈಲ್ಸು, ಅದರಡಿಯ ಸಿಮೆಂಟುಗಾರೆ ಎಲ್ಲವನ್ನೂ ಬಿಟ್ಟು ಕೆಳಗೆ ಉಳಿಯುವ ಕಾಂಕ್ರೀಟು. ಇವೆರಡರ ನಡುವೆ ನಾಲ್ಕು ಬೆರಳಿನಷ್ಟು ಅಂತರ. ಆದ್ದರಿಂದ ಸಾಫ್ಟ್‌ವೇರು ಪ್ರತಿಯೊಂದು ಮಹಡಿಗೂ ನಿಂತು ಕೇಳುತ್ತದೆ: ಅವರ ಈ ಮಹಡಿ ನಿಮ್ಮ ಯಾವ ಮಹಡಿಗೆ ಕೂಡಬೇಕು? ನಾವು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಹೇಳಬೇಕು. ಈ ಕಟ್ಟಡದ ಆರ್ಕಿಟೆಕ್ಟ್ ಬೆಂಗಳೂರಿನಿಂದ ಬಂದ ಮಾಯಾ ಎಂಬ ಯುವತಿ. ಕೆಳಗಿನ ಮಹಡಿಗಳು ಹಳೆಯ ಲೆಕ್ಕದ ಮೇಲೆ ಏಳತೊಡಗಿದ್ದವು; ಮೇಲಿನ ಮನೆಗಳ ನಕ್ಷೆ ಬದಲಾದದ್ದರಿಂದ ಲೆಕ್ಕ ಹೊಸದಾಗಿ ಆಗಬೇಕಿತ್ತು. ಅವಳು ತಿದ್ದಿದ ಮಾಡೆಲ್ ಕಳಿಸಿದ ದಿನ ಫೋನ್ ಮಾಡಿ, "ಅಂಬಾದಾಸ್ ಅವರೇ, ಲೆವೆಲ್ ಮ್ಯಾಚ್ ಮಾಡೋವಾಗ ಸ್ವಲ್ಪ ನೋಡ್ಕೊಳ್ಳಿ. ನಂದು ಟೈಲ್ಸ್ ಮೇಲಿನ ಲೆವೆಲ್" ಎಂದಿದ್ದಳು.

"ಮೇಡಂ, ನೀವು ಸಾಲ್ಯಾಗ ಇದ್ದಾಗಿಂದ ನಾ ಇದೇ ಮಾಡ್ಕೋತ ಬಂದೀನ್ರಿ" ಎಂದು ಅಂಬಾದಾಸ ಉತ್ತರಿಸಿದ್ದ.

ಕೆಲಸಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ ಫಕೀರಪ್ಪನ ಫೋನು ಬಂತು. ಅವನ ಬಚ್ಚಲುಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನ ಬಗ್ಗೆ ಒಬ್ಬರು ಕೇಳಿದರೆ ಸುಮ್ಮನಿರುವವನು ಇಂಜಿನಿಯರ್ ಸಾಹೇಬನೇ? ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಒಂದನೇದು ಒಂದನೇದಕ್ಕೆ, ಎರಡನೇದು ಎರಡನೇದಕ್ಕೆ, ಮೂರನೇದು ಮೂರನೇದಕ್ಕೆ ಎಂದು ಒತ್ತುತ್ತ ಹೋದ. ನಾಲ್ಕನೇದು ಬರುವ ಹೊತ್ತಿಗೆ ಅವನ ಭಾಷಣ ಪಾಯದ ಮಟ್ಟಕ್ಕೆ ಇಳಿದಿತ್ತು. "ಪಾಯಾ ಅಂದ್ರ ಏನಂತ ತಿಳದೀರಿ ಫಕೀರಪ್ಪನವರ?" ಎಂದು ಕೈ ಎತ್ತಿ ಗಾಳಿಯಲ್ಲಿ ಪಾಯ ತೋಡಿ, ಅದೇ ಕೈಯನ್ನು ಮೌಸಿನ ಮೇಲೆ ಇಳಿಸಿದಾಗ ಬೆರಳು 'ಬಿಟ್ಟುಬಿಡು' ಎಂಬ ಗುಂಡಿಯ ಮೇಲೆ ಬಿತ್ತು. ಸಾಫ್ಟ್‌ವೇರು ಹೇಳಿದ ಮಾತು ಕೇಳುವಂಥದು. ಬಿಟ್ಟುಬಿಟ್ಟಿತು.

ಮಾಡೆಲ್ ಬಂತು. ಮೂರನೇ ಮಹಡಿ ಇತ್ತು. ಅದರ ಮೇಲೆ ಬರೀ ಕಂಬಗಳು, ಕೊಕ್ಕರೆಯ ಕಾಲಿನ ಹಾಗೆ ಉದ್ದಕ್ಕೆ ಮೇಲೇರಿ ಐದನೇ ಮಹಡಿಯನ್ನು ಹೊತ್ತು ನಿಂತಿದ್ದವು. ನಡುವೆ ಏನೂ ಇಲ್ಲ.

ಅಂಬಾದಾಸ ಬಾಯಿ ತೆರೆದು ನೋಡುತ್ತಿದ್ದಾಗಲೇ ಮಾವನ ಫೋನು ಬಂತು.

"ಏನ್ರಿ ಅಳಿಯಂದ್ರ, ಎಲ್ಲಿತನಕ ಬಂತು ನಮ್ಮ ಬಿಲ್ಡಿಂಗು?"

ಪರದೆಯ ಮೇಲಿಂದ ಕಣ್ಣು ಕೀಳದೆ ಅಂಬಾದಾಸ, "ಎಲ್ಲಾ ಮಜಲಾ ಬಂದಾವ್ರಿ ಮಾವಾರ. ನಾಕನೇದು ಒಂದು ಬಂದಿಲ್ಲ" ಎಂದ. ಅಷ್ಟರಲ್ಲಿ ಕೇದಾರ ಸಾಹೇಬರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸಿತು. ಫೋನು ಕಟ್ ಮಾಡಿದ.

ಶಿರೂರಿನಲ್ಲಿ ಧರ್ಮಣ್ಣ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ಆಮೇಲೆ ಮಗಳಿಗೆ ಹಚ್ಚಿದ. ರಂಜನಾ ಗಂಡನಿಗೆ ಹಚ್ಚಿದಳು. ಸಾಹೇಬರು ಎದುರಿಗಿದ್ದುದರಿಂದ ಅವನು ಎತ್ತಲಿಲ್ಲ. ಎತ್ತದ ಫೋನು ಎಂದರೆ ಮುಚ್ಚಿಟ್ಟ ಸತ್ಯ ಎಂದು ಅವಳ ತಿಳಿವಳಿಕೆ. ಅವಳು ನೇರವಾಗಿ ಫಕೀರಪ್ಪನ ಮನೆಗೆ ಹೋದಳು. ಆ ಮಧ್ಯಾಹ್ನ ಗಗನತಾರಾದ ನಾಲ್ಕನೇ ಮಹಡಿಗೆ ಆದ ಗತಿ ಯಾವ ಮಹಡಿಗೂ ಆಗಬಾರದು. ಮೊದಲು ಅದು ಬಂದಿರಲಿಲ್ಲ. ಆಮೇಲೆ ಅದನ್ನು ಸರ್ಕಾರ ತೆಗೆಸಿತ್ತು. ಚಹಾದ ಹೊತ್ತಿಗೆ ಬಿಲ್ಡರು ಅದನ್ನು ಇನ್ನೊಬ್ಬ ಬಿಲ್ಡರಿಗೆ ಮಾರಿದ್ದ. ಹೊಲಿಗೆಯ ದುರ್ಗಾಬಾಯಿ ಯಾವ ಮಹಡಿಯಲ್ಲೂ ಮನೆ ಬುಕ್ ಮಾಡಿದವಳಲ್ಲ. ಅದರಿಂದ ಅವಳ ಅಭಿಪ್ರಾಯ ನಿಷ್ಪಕ್ಷಪಾತವಾಗಿತ್ತು. "ನಾಕು ಅಂದ್ರ ಆಗಿ ಬರೂದಿಲ್ಲಂತ್ರಿ. ದೊಡ್ಡ ದೊಡ್ಡ ದೇಶದಾಗ ಮೂರರ ಮ್ಯಾಲೆ ಸೀದಾ ಐದು ಕಟ್ತಾರಂತ."

ಸಂಜೆ ಅಂಬಾದಾಸ ಮನೆಗೆ ಬಂದಾಗ ಬಾಗಿಲಲ್ಲಿ ತನ್ನದಲ್ಲದ ಚಪ್ಪಲಿಗಳು ರಾಶಿ ಬಿದ್ದಿದ್ದವು. ಒಳಗೆ ಗಲ್ಲಿಯ ಅರ್ಧ ಮಂದಿ ಕುಳಿತಿದ್ದರು.

"ಏನ್ರಿ," ಎಂದಳು ರಂಜನಾ. "ಮೂರನೇದು ಬಂತು, ಐದನೇದು ಬಂತು. ನಮ್ಮಪ್ಪಂದೇ ಯಾಕ ಬರ್ಲಿಲ್ಲ?"

"ಅದು ತಾಂತ್ರಿಕ..."

"ನಮ್ಮ ತವರುಮನಿ ವಿಷಯ ಬಂದಾಗೆಲ್ಲಾ ನಿಮಗ ತಾಂತ್ರಿಕ!"

ಫಕೀರಪ್ಪ ಎದ್ದು ನಿಂತ. "ತಂಗೀ, ನಿಮ್ಮಪ್ಪಂದು ಬರ್ಲಿಲ್ಲಂದ್ರ ಶಿರೂರದಾಗ ಒಂದು ಮನಿ ಅದ. ನನ್ನ ವಿಚಾರ ಮಾಡು. ನಾಕನೇದು ಇಲ್ಲಂದ್ರ ನಂದು ಐದನೇದು ಯಾವುದರ ಮ್ಯಾಲೆ ಕೂಡ್ತದ? ನಾ ಮೂರನೇ ಮಜಲಾಕ್ಕ ಇಳದು, ಅಲ್ಲಿಂದ ನಿಚ್ಚಣಿಕಿ ಹಚ್ಚಿ ನಮ್ಮ ಮನಿಗೆ ಹೋಗ್ಲೇನು? ಈ ಮೊಣಕಾಲಿಟ್ಕೊಂಡು?"

ಎಲ್ಲರೂ ಅವನ ಮೊಣಕಾಲಿನ ಕಡೆ ನೋಡಿದರು. ಆಮೇಲೆ ಅಂಬಾದಾಸನ ಕಡೆ ನೋಡಿದರು.

ಈ ಗಳಿಗೆಯಲ್ಲಿ ಹೇಳಬೇಕಾದದ್ದು ಸಣ್ಣ ಮಾತು. ಅದು ಕಂಪ್ಯೂಟರಿನ ಮಾಡೆಲ್ ಮಾತ್ರ, ನಾನು ತಪ್ಪು ಗುಂಡಿ ಒತ್ತಿದೆ, ನಾಳೆ ಸರಿಮಾಡುತ್ತೇನೆ. ಆದರೆ ಇಂಜಿನಿಯರ್ ಸಾಹೇಬರು ತಪ್ಪು ಗುಂಡಿ ಒತ್ತುತ್ತಾರೆಯೇ? ಅಷ್ಟು ಮುಖಗಳ ನಡುವೆ ಆ ಸಣ್ಣ ಮಾತಿಗೆ ಜಾಗ ಸಿಗಲಿಲ್ಲ. ಅದರ ಬದಲಿಗೆ ಹೊರಬಂದದ್ದು ಬೇರೆ.

"ಚಿಂತಿ ಮಾಡಬ್ಯಾಡ್ರಿ," ಎಂದ ಅಂಬಾದಾಸ, ಗಂಭೀರವಾಗಿ. "ನಾಳೆ ನಾ ಮ್ಯಾಲಿನವರ ಜೋಡಿ ಮಾತಾಡ್ತೀನಿ. ನಾಕನೇ ಮಜಲಾ ವಾಪಸ್ ತರಸ್ತೀನಿ."

ಕೋಣೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಮೇಲಿನವರು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಔಷಧದ ಅಂಗಡಿಯ ಮೇಲಿನವರು ಎನ್ನಬೇಕಾಗುತ್ತಿತ್ತು.

ಮರುದಿನ ಆಫೀಸಿಗೆ ಹೋದ ಕೂಡಲೇ ಮಾಯಾಳ ಫೋನು. "ಮಾಡೆಲ್ ಸರಿಯಾಗಿ ಬಂತಾ? ಏನಾದ್ರೂ ಡೌಟ್ ಇದ್ರೆ ಹೇಳಿ, ಐದು ನಿಮಿಷದ ಕೆಲ್ಸ, ಜೊತೇಲಿ ಕೂತು ಮಾಡಿಬಿಡೋಣ."

"ಎಲ್ಲಾ ಬರೋಬ್ಬರಿ ಬಂದದ್ರಿ ಮೇಡಂ."

ಹಾಗೆಂದ ಮೇಲೆ ಮತ್ತೆ ಮೊದಲಿನಿಂದ ವರ್ಗಾಯಿಸುವುದು ಹೇಗೆ? ಅವಳು ಕಳಿಸಿದ ಮಾಡೆಲನ್ನು ಇನ್ನೊಮ್ಮೆ ತೆರೆದರೆ ಅವಳಿಗೆ ಗೊತ್ತಾದೀತು ಎಂದು ಅವನ ಅನುಮಾನ. ಅಂಬಾದಾಸ ಅಡ್ಡದಾರಿ ಹಿಡಿದ. ಉದ್ದದ ಕಂಬಗಳನ್ನು ಮಹಡಿಗೊಂದರಂತೆ ಎರಡಾಗಿ ತುಂಡರಿಸಿ, ಮೂರನೇ ಮಹಡಿಯನ್ನು ನಕಲು ಮಾಡಿದ. ಮಾಯಾಳ ನಕ್ಷೆಯಲ್ಲಿ ನಾಲ್ಕನೇ ಮಹಡಿಯ ಎತ್ತರ ಎಷ್ಟಿದೆ ಎಂದು ನೋಡಿ, ಅಲ್ಲಿಗೆ ಸರಿಯಾಗಿ ಅಂಟಿಸಿದ. ಅವಳ ಎತ್ತರ ಟೈಲ್ಸಿನದು, ತನ್ನ ಕಂಬಗಳ ಎತ್ತರ ಕಾಂಕ್ರೀಟಿನದು ಎಂಬುದು ಆ ಅವಸರದಲ್ಲಿ ಅವನ ನೆನಪಿಗೆ ಬರಲಿಲ್ಲ. ಸಾಫ್ಟ್‌ವೇರು ಹಳದಿ ಅಕ್ಷರಗಳಲ್ಲಿ ಏನೋ ಎಚ್ಚರಿಕೆ ಕೊಟ್ಟಿತು. ಹಳದಿಯನ್ನು ಓದುವ ಅಭ್ಯಾಸ ಅಂಬಾದಾಸನಿಗೆ ಇರಲಿಲ್ಲ. ಕೆಂಪಾದರೆ ನೋಡೋಣ ಎಂದು ಮುಚ್ಚಿದ. ದೂರದಿಂದ ನೋಡಿದರೆ ಎಂಟೂ ಮಹಡಿಗಳು ಶಿಸ್ತಾಗಿ ನಿಂತಿದ್ದವು. ಮಾಡೆಲನ್ನು ಕೇದಾರ ಸಾಹೇಬರಿಗೆ ಕಳಿಸಿ, ಹೆಂಡತಿಗೆ ಫೋನ್ ಮಾಡಿ ಎರಡೇ ಶಬ್ದ ಹೇಳಿದ: "ಬಂತು. ನಾಕನೇದು."

ಗಲ್ಲಿಯಲ್ಲಿ ಪೇಡೆ ಹಂಚಲಾಯಿತು. ಸರ್ಕಾರ ತೆಗೆಸಿದ ಮಹಡಿಯನ್ನು ಒಂದೇ ದಿನದಲ್ಲಿ ವಾಪಸ್ ತಂದ ಮನುಷ್ಯ ಎಂದರೆ ಸಾಮಾನ್ಯನೇ? ಫಕೀರಪ್ಪ ಕನ್ನಡ ಬಳಗದ ತುರ್ತು ಸಭೆ ಕರೆದ. ಬರುವ ರವಿವಾರ ಅಂಬಾದಾಸನಿಗೆ ಸನ್ಮಾನ, ಅದೂ ಕಟ್ಟಡದ ಜಾಗದಲ್ಲೇ, ನಾಲ್ಕನೇ ಮಹಡಿಯನ್ನು ಕಣ್ಣಾರೆ ನೋಡಿ ಆಮೇಲೆ ಶಾಲು ಹೊದಿಸುವುದು ಎಂದು ತೀರ್ಮಾನವಾಯಿತು.

"ರವಿವಾರ ಅಲ್ಲಿ ಯಾರೂ ಇರೂದಿಲ್ರಿ," ಎಂದ ಅಂಬಾದಾಸ.

"ಜಾಗಾ ಇರ್ತದಲ್ಲ?" ಎಂದ ಫಕೀರಪ್ಪ.

"ಸಳಿ, ಮೊಳಿ ಬಿದ್ದಿರ್ತಾವ್ರಿ. ಹೆಣ್ಣುಮಕ್ಕಳ ಕಾಲಿಗೆ ಚುಚ್ಚಿದ್ರ ಧೋಕಾ."

"ನಿಮ್ಮ ವಿನಯ ಸಾಕು ಮಾಡ್ರಿ ಸಾಹೇಬ್ರ!"

ರವಿವಾರ ಬೆಳಗ್ಗೆ ಟೆಂಪೊ ಬಂತು. ಶಿರೂರಿನಿಂದ ಧರ್ಮಣ್ಣ ಇಸ್ತ್ರಿ ಮಾಡಿದ ಧೋತರ, ಹೊಸ ಟೋಪಿ ಹಾಕಿಕೊಂಡು ಮೊದಲ ಬಸ್ಸಿಗೇ ಬಂದಿದ್ದ. ಅಂಬಾದಾಸನನ್ನು ಡ್ರೈವರನ ಪಕ್ಕ, ಎಲ್ಲರಿಗೂ ಕಾಣುವಂತೆ ಕೂರಿಸಿದರು. ಯೆರವಡಾದಿಂದ ವಾಕಡದವರೆಗೆ ಪ್ರತಿಯೊಂದು ಸಿಗ್ನಲಿನಲ್ಲಿಯೂ ಟೆಂಪೊ ಕೆಟ್ಟು ನಿಲ್ಲಲಿ ಎಂದು ಅವನು ಬೇಡಿಕೊಂಡ. ಹೊಚ್ಚ ಹೊಸ ಟೆಂಪೊ, ಒಮ್ಮೆಯೂ ಕೆಮ್ಮಲಿಲ್ಲ.

ಎಲ್ಲರೂ ಇಳಿದು ಮೇಲೆ ನೋಡಿದರು. ಗಗನತಾರಾ ಎರಡನೇ ಮಹಡಿಯವರೆಗೆ ಬಂದಿತ್ತು. ಅಲ್ಲಿ ಕಬ್ಬಿಣ ಕಟ್ಟಿ ಸ್ಲ್ಯಾಬಿಗೆ ಸಿದ್ಧ ಮಾಡಿದ್ದರು. ಅದರ ಮೇಲೆ ಪುಣೆಯ ಬೇಸಿಗೆಯ ಆಕಾಶ.

ಫಕೀರಪ್ಪ ಬೆರಳಿನಿಂದ ಎಣಿಸಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದ. ಆಮೇಲೆ ಕೂಗಿದ: "ಅಯ್ಯಯ್ಯೋ, ಮೂರನೇದೂ ಹೋಗ್ಯದಲ್ಲೋ!"

"ನಂದು?" ಎಂದ ಧರ್ಮಣ್ಣ.

"ನಿಮ್ದು ಬಿಡ್ರಿ. ಮೂರರಿಂದ ಎಂಟರತನಕ ಎಲ್ಲಾ ಸಾಫ್!"

ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಕೂಗು ಕೇಳಿ ಸೇಲ್ಸ್ ಆಫೀಸಿನಿಂದ ಸ್ವಪ್ನಿಲ್ ಎಂಬ ಮಾರಾಟದವನು ಓಡಿಬಂದ. ಟೈ ಕಟ್ಟಿಕೊಂಡು, ರವಿವಾರದ ಗಿರಾಕಿಗಳನ್ನು ಕಾಯುತ್ತಿದ್ದವನು. ಇವನಿಗೆ ಕನ್ನಡ ಬಾರದು. "ಕಾಯ ಝಾಲಂ? ಕಾಯ ಝಾಲಂ?" ಏನಾಯಿತು, ಏನಾಯಿತು ಎಂದು ಒಬ್ಬೊಬ್ಬರನ್ನೂ ಕೇಳಿದ. ಫಕೀರಪ್ಪ ತನ್ನ ಗುಮಾಸ್ತಿಕೆಯ ಮರಾಠಿಯಲ್ಲಿ, ಸರ್ಕಾರ ತೆಗೆಸಿದ ಮಹಡಿಯನ್ನು ವಾಪಸ್ ತಂದರೆ ನೀವು ಅದರ ಜೊತೆ ಇನ್ನೂ ನಾಲ್ಕೈದು ಕದ್ದಿದ್ದೀರಿ ಎಂದು ಆರೋಪಿಸಿದ. ಸ್ವಪ್ನಿಲ್‌ನ ಮುಖ ಬೆಳ್ಳಗಾಯಿತು. ಗೇಟಿನಲ್ಲಿ ಹೊಸ ಗಿರಾಕಿ ದಂಪತಿಗಳು ಕಾರಿನಿಂದ ಇಳಿದವರು, ಈ ಮಾತು ಕೇಳಿ ಮತ್ತೆ ಕಾರು ಹತ್ತಿದರು.

"ಕಟ್ಟೂದು ಇನ್ನೂ ಬಾಕಿ ಅದರೀ," ಎಂದ ಅಂಬಾದಾಸ ಕ್ಷೀಣವಾಗಿ. "ನಾಕನೇದು ಬಂದದ, ಆದ್ರ ಇಲ್ಲಿ ಬಂದಿಲ್ಲ."

"ಹಂಗಾದ್ರ ಎಲ್ಲಿ ಬಂದದ?"

"ಆಫೀಸಿನಾಗ."

ಧರ್ಮಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಆದರೆ ಫಕೀರಪ್ಪ ಸನ್ಮಾನಕ್ಕೆಂದು ಶಾಲು, ಹಾರ, ತೆಂಗಿನಕಾಯಿ ತಂದಿದ್ದ. ಬರೆದುಕೊಂಡು ಬಾಯಿಪಾಠ ಮಾಡಿದ ಭಾಷಣವೂ ಇತ್ತು. ಅನುಮಾನ ಆಮೇಲೆ ಬಗೆಹರಿಸೋಣ, ಮುಹೂರ್ತ ಮೀರಬಾರದು ಎಂದು ಎಲ್ಲರನ್ನೂ ಸೇಲ್ಸ್ ಆಫೀಸಿನ ಏಸಿ ಕೋಣೆಗೆ ನುಗ್ಗಿಸಿದ. ಅಂಬಾದಾಸನಿಗೆ ಶಾಲು ಹೊದಿಸಿ, ಹಾರ ಹಾಕಿ, ಗಂಟಲು ಸರಿಮಾಡಿಕೊಂಡ.

"ಆತ್ಮೀಯ ಬಂಧುಗಳೇ! ತನ್ನ ಮಾವನವರ ಮಹಡಿಗಾಗಿ ಸರ್ಕಾರವನ್ನೇ ಎದುರಿಸಿದ ಧೀರ, ಅಷ್ಟೇ ಅಲ್ಲದೆ ಅದೇ ಮಹಡಿಗೆ ಎರಡು ಸರಳು ಹೆಚ್ಚಿಗೆ ಹಾಕಿದ, ಪಿತೃಸಮಾನ ಮಾವನ ಪರಮಭಕ್ತ..."

"ಯಾರು ಹಾಕಿದ್ದು?"

ಬಾಗಿಲಲ್ಲಿ ಕೇದಾರ ಸಾಹೇಬರು ನಿಂತಿದ್ದರು. ಹಿಂದೆ ಹೆಲ್ಮೆಟ್ ಹಾಕಿಕೊಂಡ ಮಾಯಾ. ಎರಡನೇ ಸ್ಲ್ಯಾಬಿನ ಕಬ್ಬಿಣ ಪರೀಕ್ಷೆ ಮಾಡಲು ಇಬ್ಬರೂ ಬೆಳಗಿನಿಂದ ಮೇಲೆಯೇ ಇದ್ದವರು. ಸ್ವಪ್ನಿಲ್ ಹೆದರಿ ಕರೆತಂದಿದ್ದ. ಕೇದಾರ ಸಾಹೇಬರ ತಾಯಿ ಸೊಲ್ಲಾಪುರದವಳು, ಹಾಗಾಗಿ ಅವರಿಗೆ ಕನ್ನಡ ಅರ್ಧ ತಿಳಿಯುತ್ತದೆ. ತಿಳಿಯಬಾರದ ಅರ್ಧವೇ ತಿಳಿಯುತ್ತದೆ ಎಂಬುದು ಅಂಬಾದಾಸನಿಗೆ ಅಂದು ಗೊತ್ತಾಯಿತು.

"ಅಂಬಾದಾಸ, ಯಾವ ಸಳಿ? ಯಾರಿಗ ಕೇಳಿ ಹಾಕ್ದಿ?"

ಅಂಬಾದಾಸ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ನೋಡು. ಎರಡರಾಗ ಒಂದು ಖರೆ. ನನಗ ಕೇಳದ ಡಿಸೈನ್ ಬದಲಿ ಮಾಡಿದ್ರ, ನಾಳೆಯಿಂದ ಆಫೀಸಿಗೆ ಬರಬ್ಯಾಡ. ಮಾಡಿಲ್ಲಂದ್ರ, ಈ ಮುದುಕರ ಮುಂದ ಸುಳ್ಳು ಹೇಳೀದಿ. ಯಾವುದು?"

ಇಷ್ಟು ಸರಳವಾದ ಪ್ರಶ್ನೆಯನ್ನು ಯಾವ ಸಾಫ್ಟ್‌ವೇರೂ ಅವನಿಗೆ ಕೇಳಿರಲಿಲ್ಲ. ಅಂಬಾದಾಸ ಮಾವನ ಕಡೆ ನೋಡಿದ. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ಹಾಕಿಲ್ರಿ," ಎಂದ.

"ಜೋರಾಗಿ ಹೇಳು."

"ಒಂದೂ ಸಳಿ ಹಾಕಿಲ್ರಿ ಸಾಹೇಬ್ರ. ನನಗ ಸಳಿ ಹಾಕೂದು ಬರೂದೇ ಇಲ್ರಿ."

ಧರ್ಮಣ್ಣ ಕುರ್ಚಿಯ ಮೇಲೆ ಮೆಲ್ಲನೆ ಕುಳಿತ. ಆದರೆ ಫಕೀರಪ್ಪನಿಗೆ ಇನ್ನೂ ಆಸೆ ಉಳಿದಿತ್ತು. "ಸಳಿ ಹೋಗ್ಲಿ ಸಾಹೇಬ್ರ. ನಾಕನೇ ಮಜಲಾ ಆದ್ರೂ ಬಂದದಲ್ಲ? ಅದನ್ನ ಒಮ್ಮಿ ತೋರಸ್ರಿ."

ಮಾಯಾ ಕೇದಾರ ಸಾಹೇಬರ ಲ್ಯಾಪ್‌ಟಾಪನ್ನು ಅಲ್ಲಿಯ ದೊಡ್ಡ ಟಿವಿಗೆ ಜೋಡಿಸಿದಳು. ಗಿರಾಕಿಗಳಿಗೆ ಈಜುಕೊಳ ತೋರಿಸುವ ಟಿವಿ ಅದು. ಅಂಬಾದಾಸ ಕಳಿಸಿದ ಮಾಡೆಲ್ ಅದರಲ್ಲಿ ಗೋಡೆಯಷ್ಟು ಅಗಲಕ್ಕೆ ಮೂಡಿತು. ಎಂಟೂ ಮಹಡಿಗಳು. ಜನ ಆಹಾ ಎಂದರು. ಮಾಯಾ ನಾಲ್ಕನೇ ಮಹಡಿಯನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಕಂಬದ ತಲೆ ಕಂಡಿತು. ಸ್ಲ್ಯಾಬು ಇರಬೇಕಾದ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ, ಯಾವ ಕಂಬವನ್ನೂ ಮುಟ್ಟದೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ ತನ್ನಷ್ಟಕ್ಕೆ ನಿಂತಿತ್ತು.

"ಇದು ಗಾಳೀಲಿದೆ," ಎಂದಳು ಮಾಯಾ. ಅವಳಿಗೆ ನಗು ಬರುತ್ತಿರಲಿಲ್ಲ. "ಅಂಬಾದಾಸ್ ಅವರೇ, ನಾನು ಹೇಳಿದ್ನಲ್ಲ? ಲೆವೆಲ್ ಮ್ಯಾಚ್ ಮಾಡೋವಾಗ ನೋಡ್ಕೊಳ್ಳಿ ಅಂತ?"

"ನನ್ನ ಮನಿ ಗಾಳ್ಯಾಗ ಅದ?" ಎಂದ ಧರ್ಮಣ್ಣ.

ಕೇದಾರ ಸಾಹೇಬರು ಟಿವಿಯ ಹತ್ತಿರ ಹೋಗಿ ಆ ನಾಲ್ಕು ಬೆರಳಿನ ಸಂದಿಯನ್ನು ಬಹಳ ಹೊತ್ತು ನೋಡಿದರು. ಅವರ ದನಿ ಇಳಿಯಿತು. ಬೈಯುವುದಕ್ಕಿಂತ ಅದೇ ಹೆದರಿಕೆ ಹುಟ್ಟಿಸಿತು. "ಇದರ ಭಾರ ಕೆಳಗಿನ ಒಂದು ಕಂಬಕ್ಕೂ ಹೋಗಿಲ್ಲ. ಈ ಮಾಡೆಲ್ ಮ್ಯಾಲೆ ನಾಳೆ ಲೆಕ್ಕಕ್ಕ ಕೂಡಾವಿದ್ದೆ. ನಾ ನೋಡ್ತಿದ್ದೆ, ಹಿಡೀತಿದ್ದೆ. ಹಿಡೀದಿದ್ರ? ನಿನ್ನ ಮಾವ ಇರೂ ಮನಿ ಅಂಬಾದಾಸ."

ಬಳಗದವರಲ್ಲಿ ಮೂರನೇ ಮಹಡಿಯಲ್ಲಿ ಬುಕ್ ಮಾಡಿದ್ದ ಒಬ್ಬಾತ ಹೆಂಡತಿಯ ಕೈ ಹಿಡಿದುಕೊಂಡ. ಹೊರಗೆ ಸೆಕೆ, ಒಳಗೆ ಏಸಿ, ಅಂಬಾದಾಸನ ಬೆನ್ನ ಮೇಲೆ ಮಾತ್ರ ಬೆವರು ಸಾಲಾಗಿ ಇಳಿಯುತ್ತಿತ್ತು. ಶಾಲು ತೆಗೆಯೋಣವೆಂದರೆ, ಹೊದಿಸಿದವರೇ ತೆಗೆಯಬೇಕೋ ತಾನೇ ತೆಗೆಯಬಹುದೋ ತಿಳಿಯದೆ ಹೊದ್ದುಕೊಂಡೇ ನಿಂತ.

ಮಾಯಾ ಕುರ್ಚಿ ಸರಿಸಿದಳು. "ಬನ್ನಿ, ಕೂತ್ಕೊಳ್ಳಿ. ಈಗ್ಲೇ ಮಾಡಿಬಿಡೋಣ."

"ಇಲ್ಲೇನ್ರಿ? ಇವರ ಮುಂದ?"

"ಇಲ್ಲೇ," ಎಂದರು ಕೇದಾರ ಸಾಹೇಬರು.

ಹಾಗೆ ಅಂಬಾದಾಸ ಶಾಲು ಹೊದ್ದು, ಕೊರಳಲ್ಲಿ ಹಾರದ ಜೊತೆ, ಹೆಂಡತಿ, ಮಾವ ಮತ್ತು ಯೆರವಡಾದ ಕನ್ನಡ ಬಳಗದ ಸಮಕ್ಷಮದಲ್ಲಿ ಮಾಡೆಲನ್ನು ಮೊದಲಿನಿಂದ ವರ್ಗಾಯಿಸಲು ಕುಳಿತ.

"ಮೊದ್ಲು ಏನು ಮಾಡ್ಬೇಕು?" ಎಂದಳು ಮಾಯಾ.

"ನಾಕು ಬೆರಳು ಕಳೀಬೇಕ್ರಿ. ಟೈಲ್ಸಿಂದು."

"ಕಳೀರಿ."

ಕಳೆದ. ಸಾಫ್ಟ್‌ವೇರು ಕೇಳಿತು. ಒಂದನೇದು ಒಂದನೇದಕ್ಕೆ. ಎರಡನೇದು ಎರಡನೇದಕ್ಕೆ. ಹಿಂದೆ ಜನ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. ಮೂರನೇದು ಬಂದಾಗ ಫಕೀರಪ್ಪನಿಗೆ ತಡೆಯಲಾಗಲಿಲ್ಲ. "ಮೂರನೇದು ಮೂರನೇದಕ್ಕ ಸಾಹೇಬ್ರ! ಸಾವಕಾಶ! ಕೈ ನಡುಗಸ್ಬ್ಯಾಡ್ರಿ!" ಎಂದು ಕೂಗಿದ.

ನಾಲ್ಕನೇದು ಬಂತು. ಅಂಬಾದಾಸನ ಬೆರಳು ಮೌಸಿನ ಮೇಲೆ ತಡೆಯಿತು.

"ಅದನ್ನ ಬಿಟ್ಟುಗಿಟ್ಟೀರಿ ಮತ್ತ!" ಎಂದಳು ದುರ್ಗಾಬಾಯಿ.

ಒತ್ತಿದ. ನಾಲ್ಕನೇ ಮಹಡಿ ಸದ್ದಿಲ್ಲದೆ ಇಳಿದು ಕಂಬಗಳ ತಲೆಯ ಮೇಲೆ ಕುಳಿತಿತು. ಆಮೇಲೆ ಫಕೀರಪ್ಪ ಚಪ್ಪಾಳೆ ತಟ್ಟಿದ. ಅವನ ಹಿಂದೆ ಎಲ್ಲರೂ ತಟ್ಟಿದರು. ಕನ್ನಡ ಬಾರದ ಸ್ವಪ್ನಿಲ್ ಕೂಡ ಮನಸಾರೆ ತಟ್ಟಿದ. ಮಗು ಮೊದಲ ಸಲ ತಾನೇ ತುತ್ತು ಕಲಸಿ ಬಾಯಿಗಿಟ್ಟಾಗ ತಟ್ಟುವ ಚಪ್ಪಾಳೆ ಅದು. ಕೇದಾರ ಸಾಹೇಬರ ಬೈಗುಳವನ್ನು ಅಂಬಾದಾಸ ತಡೆದುಕೊಂಡಿದ್ದ. ಇದನ್ನು ತಡೆಯಲಾರದೆ ತಲೆಯನ್ನು ಕೀಲಿಮಣೆಯವರೆಗೆ ಬಗ್ಗಿಸಿದ.

ಕೆಲಸ ಉಳಿಯಿತು. "ಇನ್ನ ಮುಂದ ನಿನ್ನ ಮಾಡೆಲ್ ಮೊದಲ ಮಾಯಾ ಮೇಡಂ ನೋಡ್ತಾರ, ಆಮ್ಯಾಲೆ ನಾ" ಎಂದು ಕೇದಾರ ಸಾಹೇಬರು ತೀರ್ಪು ಕೊಟ್ಟರು. ಫಕೀರಪ್ಪ ಶಾಲನ್ನು ಮಡಚಿ ಚೀಲದಲ್ಲಿಟ್ಟುಕೊಂಡ. ಬಳಗದ ಆಸ್ತಿ, ಮುಂದೆ ಯಾರಿಗಾದರೂ ಆಗುತ್ತದೆ. ಟೆಂಪೊದಲ್ಲಿ ಅಂಬಾದಾಸ ಕೊನೆಯ ಸೀಟಿನಲ್ಲಿ ಕುಳಿತ. ರಂಜನಾ ಮುಂದಿನ ಸೀಟಿನಲ್ಲಿ ಕುಳಿತಳು. ಮನೆ ಬರುವವರೆಗೆ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಸಂಜೆ ಮಾವನನ್ನು ಬಸ್ಸು ಹತ್ತಿಸಲು ಅಂಬಾದಾಸ ಸ್ಕೂಟರಿನಲ್ಲಿ ಶಿರೂರಿನ ಕಡೆ ಹೋಗುವ ನಗರ ರಸ್ತೆಗೆ ಕರೆದುಕೊಂಡು ಹೋದ. ಬಸ್ಸಿನ ನಿಲುಗಡೆಯಲ್ಲಿ ಇಳಿದ ಮೇಲೆ ಧರ್ಮಣ್ಣ ಧೋತರ ಸರಿಮಾಡಿಕೊಂಡ.

"ಅಳಿಯಂದ್ರ."

"ತಪ್ಪಾತ್ರಿ ಮಾವಾರ."

"ಅದಿರ್ಲಿ. ನಾ ಹೇಳೂದು ಬ್ಯಾರೇನೆ ಅದ." ಧರ್ಮಣ್ಣ ಅತ್ತಿತ್ತ ನೋಡಿದ. "ಶಿರೂರದಾಗ ನಾ ನಿಮ್ಮನ್ನ ಬಿಲ್ಡರ್ ಅಂತ ಹೇಳೇನಿ."

"ಬಿಲ್ಡರ್?"

"ಇಂಜಿನಿಯರ್ ಅಂದ್ರ ಯಾರೂ ತಿರುಗಿ ನೋಡ್ಲಿಲ್ರಿ. ಓಣಿಗೆ ಹತ್ತು ಮಂದಿ ಅದಾರ. ಅದಕ್ಕ ಬಿಲ್ಡರ್ ಅಂದೆ. ಮೂರು ಬಿಲ್ಡಿಂಗ್ ಅವ ಅಂದೆ. ಈಗ ಇಡೀ ಪ್ಯಾಟಿಗೆ ಗೊತ್ತದ." ಅವನು ಟೋಪಿಯಿಂದ ಮುಖ ಒರೆಸಿಕೊಂಡ. "ಸ್ವಲ್ಪ ದಿವಸ ಶಿರೂರಕ್ಕ ಬರಬ್ಯಾಡ್ರಿ. ಜನ ಏನರೆ ಕೇಳ್ಯಾರು."

"ಬರೂದಿಲ್ರಿ."

ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ನಿಂತರು. ಬಸ್ಸು ಬಂತು. ಧರ್ಮಣ್ಣನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅವನ ಬದಿಯಲ್ಲಿ ಗಂಟು ಕಟ್ಟಿಕೊಂಡು ಕುಳಿತಿದ್ದ ಮುದುಕಿ ನಮ್ಮ ಕಡೆಯವಳೇ. ಧೋತರ ಉಟ್ಟ ರೀತಿ ನೋಡಿ ಕನ್ನಡದಲ್ಲೇ ಕೇಳಿದಳು.

"ಮಗಾ ಏನ್ರಿ, ಕೆಳಗ ನಿಂತಾಂವ?"

"ಅಳಿಯ."

"ಏನ್ ಮಾಡ್ತಾನ್ರಿ?"

ಧರ್ಮಣ್ಣನ ತುಟಿಗಳು 'ಬಿ' ಎನ್ನಲು ಒಂದಕ್ಕೊಂದು ಕೂಡಿದವು. ಕೂಡಿದವು ಹಾಗೆಯೇ ಉಳಿದವು. ಕಿಟಕಿಯ ಕೆಳಗೆ ನಿಂತ ಅಂಬಾದಾಸ ತನ್ನ ಚಪ್ಪಲಿ ನೋಡತೊಡಗಿದ.

"ಕಂಪ್ಯೂಟರಿನಾಗ ಮನಿ ಇರ್ತಾವಲ್ಲವ್ವಾ," ಎಂದ ಧರ್ಮಣ್ಣ ಕೊನೆಗೆ. "ಅವನ್ನ ಈ ಕಡಿಂದ ಎತ್ತಿ ಆ ಕಡಿ ಇಡ್ತಾನ."

"ಅಯ್ಯ ಶಿವನ! ಎತ್ತಾಕ ಭಾರ ಏನ್ರಿ? ಭಾಳ ಜಡ ಇರ್ತಾವ?"

ಧರ್ಮಣ್ಣ ಕಿಟಕಿಯಿಂದ ಅಳಿಯನ ಬಗ್ಗಿದ ತಲೆಯನ್ನು ನೋಡಿದ.

"ಹೂನವ್ವಾ," ಎಂದ. "ಇವತ್ತು ಭಾಳ ಜಡ ಆಗ್ಯದ."

ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಹೊರಟಿತು.